ಹಳೆ ಡೆಸ್ಕ್‌ಟಾಪ್‌ಗೆ ಕಡಿಮೆ ಖರ್ಚಿನಲ್ಲಿ ರ‍್ಯಾಮ್ ಹೆಚ್ಚಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ತುಂಬಾ ನಿಧಾನ ಆಗಿದೆ. ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಾ?

ರ‍್ಯಾಮ್ ಅಂದರೆ ಕಂಪ್ಯೂಟರ್ ಸದ್ಯ ಮಾಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಮೆಮೊರಿ. ಅದನ್ನು ಹೆಚ್ಚಿಸಿದರೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಜೇಬಿಗೆ ಕೈ ಹಾಕುವ ಮೊದಲು ಹತ್ತು ನಿಮಿಷ ಕೊಟ್ಟು ಇದನ್ನು ನೋಡಿಬಿಡಿ. ದಿನಾ ಮಾಡುವ ಕೆಲಸವನ್ನೇ ಮಾಡಿ. ಬ್ರೌಸರ್‌ನಲ್ಲಿ ಎಂದಿನಷ್ಟೇ ಟ್ಯಾಬ್ ತೆರೆಯಿರಿ, ಜೊತೆಗೆ ಬಳಸುವ ಪ್ರೋಗ್ರಾಂಗಳೂ ಓಡುತ್ತಿರಲಿ. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ, ಮೆಮೊರಿ, ಡಿಸ್ಕ್, ಸಿಪಿಯು (ಪ್ರೊಸೆಸರ್) ಮೂರನ್ನೂ ಸ್ವಲ್ಪ ಹೊತ್ತು ಗಮನಿಸಿ.

ಮೆಮೊರಿ 85-90 ಶೇಕಡಾ ದಾಟಿ ಅಲ್ಲೇ ನಿಂತಿದೆಯಾ? ಜೊತೆಗೆ ಡಿಸ್ಕ್ ಕೂಡ 100ಕ್ಕೆ ಅಂಟಿಕೊಂಡಿದೆಯಾ? ಹಾಗಿದ್ದರೆ ನಿಮಗೆ ನಿಜವಾಗಿಯೂ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಅರ್ಧ ಮಾತ್ರ ತುಂಬಿದ್ದು ಡಿಸ್ಕ್ 100 ತೋರಿಸುತ್ತಿದ್ದರೆ ತೊಂದರೆ ಹಾರ್ಡ್ ಡಿಸ್ಕ್‌ನದು. ಎರಡೂ ಆರಾಮಾಗಿದ್ದು ಸಿಪಿಯು ಮಾತ್ರ 100ರಲ್ಲಿದ್ದರೆ ಎಷ್ಟು ರ‍್ಯಾಮ್ ಸುರಿದರೂ ಪ್ರಯೋಜನವಿಲ್ಲ.

ಮೊದಲನೇ ಸಂದರ್ಭದಲ್ಲಿ ಡಿಸ್ಕ್ ಯಾಕೆ ಒದ್ದಾಡುತ್ತದೆ ಗೊತ್ತಾ? ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದ ಒಂದಿಷ್ಟನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಬೇಕಾದಾಗ ಮತ್ತೆ ತರುತ್ತದೆ. ರ‍್ಯಾಮ್ ಕೆಲಸ ಮಾಡುವುದು ನ್ಯಾನೊಸೆಕೆಂಡ್‌ಗಳ ಲೆಕ್ಕದಲ್ಲಿ, ಹಾರ್ಡ್ ಡಿಸ್ಕ್ ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ. ಒಂದು ಮಿಲಿಸೆಕೆಂಡ್ ಅಂದರೆ 10 ಲಕ್ಷ ನ್ಯಾನೊಸೆಕೆಂಡ್. ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋದಾಗ ಸ್ಕ್ರೀನ್ ಹೆಪ್ಪುಗಟ್ಟಿದಂತೆ ನಿಲ್ಲುವುದು, ಕ್ಯಾಬಿನೆಟ್ ಮೇಲಿನ ಡಿಸ್ಕ್ ಲೈಟ್ ಆರದೆ ಉರಿಯುವುದು, ಎಲ್ಲಾ ಇದರಿಂದಲೇ.

ಲಿನಕ್ಸ್ ಬಳಸುವವರು ಸಿಸ್ಟಮ್ ಮಾನಿಟರ್‌ನಲ್ಲಿ ಸ್ವಾಪ್ (ಪೇಜ್ ಫೈಲ್‌ನಂಥದೇ) ಎಷ್ಟು ಬಳಕೆಯಾಗುತ್ತಿದೆ ಎಂದು ನೋಡಿದರೆ ಇದೇ ಉತ್ತರ ಸಿಗುತ್ತದೆ.

ದುಡ್ಡು ಒಂದಕ್ಕೇ ಸಾಲುತ್ತದೆ. ರ‍್ಯಾಮ್ ತಗೊಳ್ಳಲಾ, ಎಸ್‌ಎಸ್‌ಡಿ ತಗೊಳ್ಳಲಾ?

ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗ ಇಲ್ಲದ, ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ವೇಗದ ಡಿಸ್ಕ್. ರ‍್ಯಾಮ್ 2 ಜಿಬಿ ಇದ್ದರೆ ಯೋಚನೆಯೇ ಬೇಡ, ಮೊದಲು ರ‍್ಯಾಮ್. 8 ಜಿಬಿ ಇದ್ದು ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ ಓಡುತ್ತಿದ್ದರೆ ಎಸ್‌ಎಸ್‌ಡಿ. ಕಷ್ಟ ಇರುವುದು 4 ಜಿಬಿ ಇರುವವರಿಗೆ. ಅವರು ಮೇಲೆ ಹೇಳಿದ ಪರೀಕ್ಷೆ ಮಾಡಲೇಬೇಕು. ಮೆಮೊರಿ ಪದೇ ಪದೇ ತುಂಬುತ್ತಿದ್ದರೆ ರ‍್ಯಾಮ್. ಎರಡು ಮೂರು ಟ್ಯಾಬ್, ಒಂದು ವರ್ಡ್ ಫೈಲ್, ಅಷ್ಟೇ ಕೆಲಸ ಅನ್ನುವವರಿಗೆ ಎಸ್‌ಎಸ್‌ಡಿ.

ಇನ್ನೊಂದು ವಿಷಯವನ್ನೂ ತೂಗಿ ನೋಡಿ. ಸಾಟಾ ಕೇಬಲ್‌ನಿಂದ ಜೋಡಿಸುವ ಎಸ್‌ಎಸ್‌ಡಿಯನ್ನು ಮುಂದೆ ಹೊಸ ಕಂಪ್ಯೂಟರ್ ತಗೊಂಡಾಗ ಬಿಚ್ಚಿ ಅದಕ್ಕೆ ಹಾಕಬಹುದು. ಡಿಡಿಆರ್3 ಎಂಬ ಹಳೆ ಪೀಳಿಗೆಯ ರ‍್ಯಾಮ್ ಅನ್ನು ಹಾಗೆ ಒಯ್ಯಲು ಆಗುವುದಿಲ್ಲ. ಅದು ಈ ಕಂಪ್ಯೂಟರ್ ಜೊತೆಗೇ ಉಳಿಯುತ್ತದೆ. ಅದಕ್ಕೇ ಹಳೆ ಮಷಿನ್‌ಗೆ ರ‍್ಯಾಮ್ ಕೊಳ್ಳುವಾಗ ಬೇಕಾದಷ್ಟೇ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು.

ಎಷ್ಟಿದ್ದರೆ ಸಾಕು?

ಬ್ರೌಸಿಂಗ್, ವಿಡಿಯೋ ನೋಡುವುದು, ಆಫೀಸ್ ಕೆಲಸ, ಮಕ್ಕಳ ಆನ್‌ಲೈನ್ ಪಾಠ, ಇಷ್ಟಕ್ಕೆ 8 ಜಿಬಿ ಸಾಕು. ವಿಂಡೋಸ್ 10ರ 64 ಬಿಟ್ ಆವೃತ್ತಿಗೆ ಕನಿಷ್ಠ 2 ಜಿಬಿ, ವಿಂಡೋಸ್ 11ಕ್ಕೆ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟಿದ್ದರೆ ಕಂಪ್ಯೂಟರ್ ಶುರುವಾಗುತ್ತದೆ ಅಷ್ಟೇ, ನೆಮ್ಮದಿಯಾಗಿ ಕೆಲಸ ಮಾಡಲು ಆಗುವುದಿಲ್ಲ. ದೊಡ್ಡ ಫೋಟೋ, ವಿಡಿಯೋ ಎಡಿಟಿಂಗ್, ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೇ ಓಡಿಸುವ ಇನ್ನೊಂದು ಸಿಸ್ಟಮ್) ಅಂತ ಹೋಗುವವರಿಗೆ 16 ಬೇಕು. ಆದರೆ ಅಂಥ ಕೆಲಸಕ್ಕೆ ಹತ್ತು ವರ್ಷದ ಹಿಂದಿನ ಪ್ರೊಸೆಸರ್ ಕೂಡ ತಡೆದುಕೊಳ್ಳಬೇಕಲ್ವಾ?

ನನ್ನ ಕಂಪ್ಯೂಟರ್‌ಗೆ ಯಾವ ತರಹದ ರ‍್ಯಾಮ್ ಆಗುತ್ತದೆ, ಹೇಗೆ ತಿಳಿಯುವುದು?

ಡಿಡಿಆರ್, ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಲ್ಲಾ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಡೆಸ್ಕ್‌ಟಾಪ್ ಡಿಡಿಆರ್ ಸ್ಟಿಕ್‌ಗೆ (ರ‍್ಯಾಮ್‌ನ ಉದ್ದನೆ ಪಟ್ಟಿಗೆ) 184 ಪಿನ್, ಡಿಡಿಆರ್2 ಮತ್ತು ಡಿಡಿಆರ್3ಕ್ಕೆ 240, ಡಿಡಿಆರ್4ಕ್ಕೆ 288. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ ಇದ್ದರೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ಸ್ಟಿಕ್ ಹಾಕದಿರಲಿ ಅಂತಲೇ ಹಾಗೆ ಮಾಡಿರುವುದು. ವೋಲ್ಟೇಜೂ ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2 ವೋಲ್ಟ್.

ಕ್ಯಾಬಿನೆಟ್ ತೆರೆಯದೆ ತಿಳಿಯಬೇಕೆಂದರೆ ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಮೆಮೊರಿ ಟ್ಯಾಬ್‌ನಲ್ಲಿ ಯಾವ ತರಹ ಎಂಬುದು ಸಿಗುತ್ತದೆ. ಎಸ್‌ಪಿಡಿ ಟ್ಯಾಬ್‌ನಲ್ಲಿ ಪ್ರತಿ ಸ್ಲಾಟ್‌ನಲ್ಲೂ (ಸ್ಟಿಕ್ ಕೂರುವ ಜಾಗದಲ್ಲಿ) ಏನಿದೆ, ಎಷ್ಟು ಜಿಬಿ, ಯಾವ ಕಂಪನಿಯದು ಎಂಬುದೆಲ್ಲಾ ಸಿಗುತ್ತದೆ. ಮೇನ್‌ಬೋರ್ಡ್ ಟ್ಯಾಬ್‌ನಲ್ಲಿ ಬೋರ್ಡಿನ (ಎಲ್ಲಾ ಭಾಗ ಜೋಡಿಸುವ ಮದರ್‌ಬೋರ್ಡಿನ) ಮಾಡೆಲ್ ಮತ್ತು ಚಿಪ್‌ಸೆಟ್ (ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್) ಇರುತ್ತದೆ. ಈ ಮೂರು ಟ್ಯಾಬ್‌ಗಳ ಫೋಟೋ ತೆಗೆದು ಮೊಬೈಲ್‌ನಲ್ಲಿಟ್ಟುಕೊಳ್ಳಿ. ಕೊಳ್ಳಲು ಹೋದಾಗ ಬಾಯಲ್ಲಿ ಹೇಳುವುದಕ್ಕಿಂತ ಅದನ್ನು ತೋರಿಸುವುದು ವಾಸಿ.

ಸ್ಟಿಕ್ ಮೇಲಿನ ಲೇಬಲ್‌ನಲ್ಲಿ ಏನೇನೋ ಬರೆದಿದೆ. ಓದುವುದು ಹೇಗೆ?

ಇದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಂದು ಲೇಬಲ್ ಮೇಲೆ «4ಜಿಬಿ 2ಆರ್×8 ಪಿಸಿ3-12800ಯು» ಎಂದಿದೆ ಅಂದುಕೊಳ್ಳಿ.

4ಜಿಬಿ ಅಂದರೆ ಗಾತ್ರ. ಪಿಸಿ3 ಅಂದರೆ ಡಿಡಿಆರ್3. ಪಿಸಿ2 ಎಂದಿದ್ದರೆ ಡಿಡಿಆರ್2, ಪಿಸಿ4 ಎಂದಿದ್ದರೆ ಡಿಡಿಆರ್4. 12800 ಎಂಬುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಿಸಬಲ್ಲದು ಎಂಬ ಲೆಕ್ಕ. ಅದನ್ನು 8ರಿಂದ ಭಾಗಿಸಿದರೆ ನಾವು ಮಾತಿನಲ್ಲಿ ಹೇಳುವ ಸ್ಪೀಡ್ ಬರುತ್ತದೆ: 1600. ಹಾಗೆಯೇ ಪಿಸಿ3-10600 ಅಂದರೆ 1333, ಪಿಸಿ2-6400 ಅಂದರೆ 800, ಪಿಸಿ4-19200 ಅಂದರೆ 2400.

2ಆರ್×8ರಲ್ಲಿ ಮೊದಲನೆಯದು ರ‍್ಯಾಂಕ್, ಅಂದರೆ ಚಿಪ್‌ಗಳ ಎಷ್ಟು ಗುಂಪು ಇದೆ ಎಂಬುದು. ×8 ಅಂದರೆ ಒಂದೊಂದು ಚಿಪ್‌ನ ಅಗಲ 8 ಬಿಟ್. ಅಂಥವು ಒಂದು ಗುಂಪಿನಲ್ಲಿ 8 ಚಿಪ್, ಎರಡು ಗುಂಪು, ಒಟ್ಟು 16 ಚಿಪ್. ಇದು ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಕೊನೆಯ ಅಕ್ಷರವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ದುಡ್ಡು ಉಳಿಸುವುದೇ ಅದು. ಯು ಇದ್ದರೆ ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್. ಎಸ್ ಇದ್ದರೆ ಲ್ಯಾಪ್‌ಟಾಪ್‌ನದು. ಆರ್ ಇದ್ದರೆ ಸರ್ವರ್‌ನದು, ನಿಮಗೆ ಬೇಡ. ಪಿಸಿ3 ಆದ ಮೇಲೆ ಎಲ್ ಇದ್ದರೆ 1.35 ವೋಲ್ಟ್‌ನಲ್ಲಿ ಓಡುವ ಡಿಡಿಆರ್3ಎಲ್. ಇದು 1.5 ವೋಲ್ಟ್‌ನಲ್ಲೂ ಓಡುವುದರಿಂದ ಸಾಮಾನ್ಯ ಡಿಡಿಆರ್3 ಬೋರ್ಡ್‌ಗೂ ಹಾಕಬಹುದು. ಹೊಸ ಡಿಡಿಆರ್3ಎಲ್ ಬೋರ್ಡ್‌ಗೆ, ಅಂದರೆ ಇಂಟೆಲ್ 6ನೇ ಪೀಳಿಗೆಯವಕ್ಕೆ, 1.5 ವೋಲ್ಟ್‌ನ ಹಳೆ ಸ್ಟಿಕ್ ಹಾಕುವುದು ಮಾತ್ರ ಒಳ್ಳೆಯದಲ್ಲ.

ನನ್ನ ಬೋರ್ಡ್ ಎಷ್ಟು ಜಿಬಿ ತನಕ ಒಪ್ಪುತ್ತದೆ?

ಬೋರ್ಡಿನ ಮಾಡೆಲ್ ಹೆಸರು ಹಿಡಿದು ತಯಾರಕರ ಸೈಟ್‌ನಲ್ಲಿ ಸ್ಪೆಸಿಫಿಕೇಷನ್ ನೋಡುವುದೇ ನಂಬುವ ದಾರಿ. ಹಳೆ ಇಂಟೆಲ್ ಬೋರ್ಡ್‌ಗಳ ಬಗ್ಗೆ ಒಂದಿಷ್ಟು ನೆನಪಿಟ್ಟುಕೊಳ್ಳಿ. ಜಿ31 ಚಿಪ್‌ಸೆಟ್ ಒಟ್ಟು 4 ಜಿಬಿ ಡಿಡಿಆರ್2ಕ್ಕೆ ನಿಲ್ಲುತ್ತದೆ. ಜಿ41 ಒಟ್ಟು 8 ಜಿಬಿ. ಬೋರ್ಡ್ ನೋಡಿಕೊಂಡು ಡಿಡಿಆರ್2 ಅಥವಾ ಡಿಡಿಆರ್3. ಎಚ್61 ಮತ್ತು ಎಚ್81 ಒಟ್ಟು 16 ಜಿಬಿ, ಸ್ಲಾಟ್‌ಗೆ 8ರಂತೆ.

ಹಳೆ ಮಷಿನ್‌ಗಳಲ್ಲಿ ಈ ಮಿತಿ ಚಿಪ್‌ಸೆಟ್‌ನಿಂದ ಬರುತ್ತಿತ್ತು. ಆಮೇಲೆ ರ‍್ಯಾಮ್ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಬಂತು. ಎಎಂಡಿಯಲ್ಲಿ ಇದು ಆಗಿದ್ದು 2003ರಲ್ಲಿ, ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ 2008ರಿಂದ. ಅದಕ್ಕೇ ಬೋರ್ಡ್ ಜೊತೆಗೆ ಪ್ರೊಸೆಸರ್‌ನ ಮಿತಿಯನ್ನೂ ನೋಡಬೇಕು.

ಕೆಲವು ಪ್ರೋಗ್ರಾಂಗಳು «ಗರಿಷ್ಠ ಇಷ್ಟು» ಎಂದು ತೋರಿಸುತ್ತವೆ. ಅವು ಬಯೋಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಹೇಳಿದ್ದನ್ನೇ ತೋರಿಸುವುದು, ಆ ಅಂಕಿ ಎಷ್ಟೋ ಸಲ ತಪ್ಪಿರುತ್ತದೆ. ಅದೊಂದನ್ನೇ ನಂಬಿ ಕೊಳ್ಳಬೇಡಿ.

ಒಂದೇ ಗಾತ್ರದ ಸ್ಟಿಕ್, ಒಂದು ತುಂಬಾ ಅಗ್ಗ. ಯಾಕೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಡಿಮೆ ದುಡ್ಡಿನಲ್ಲಿ ಮುಗಿಸಬೇಕು ಅಂದುಕೊಂಡವರಿಗೆ ಹೆಚ್ಚು ಏಟು ಬೀಳುವುದೇ ಇಲ್ಲಿ.

ಮೊದಲನೆಯದು ಸರ್ವರ್ ರ‍್ಯಾಮ್. ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ ಸ್ಟಿಕ್‌ಗಳು ರಾಶಿ ರಾಶಿ ಬರುತ್ತವೆ, ಅದಕ್ಕೇ ಅಗ್ಗ. ಲೇಬಲ್ ಮೇಲೆ ರಿಜಿಸ್ಟರ್ಡ್ ಎಂದೋ, ಪಿಸಿ3-12800ಆರ್ ಎಂದೋ ಇರುತ್ತದೆ. ಪಿನ್ ಅಷ್ಟೇ, ಕಚ್ಚೂ ಅದೇ ಜಾಗದಲ್ಲಿ, ಸ್ಲಾಟ್‌ನಲ್ಲಿ ಚೆನ್ನಾಗಿಯೇ ಕೂರುತ್ತದೆ. ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಶುರುವಾಗುವುದೇ ಇಲ್ಲ.

ಎರಡನೆಯದು «ಎಎಂಡಿಗೆ ಮಾತ್ರ» ಎಂದು ಮಾರುವ 4 ಜಿಬಿಯ ಡಿಡಿಆರ್2 ಸ್ಟಿಕ್. ಅದರ ಚಿಪ್‌ಗಳ ಒಳಗಿನ ಜೋಡಣೆ ಇಂಟೆಲ್ ಚಿಪ್‌ಸೆಟ್‌ಗಳಿಗೆ ಹೊಂದುವುದಿಲ್ಲ. ಎಎಂಡಿ ಬೋರ್ಡ್ ಇದ್ದವರಿಗೆ ಅದು ನಿಜವಾಗಿಯೂ ಲಾಭದ ವ್ಯಾಪಾರ. ಇಂಟೆಲ್ ಇದ್ದವರು ಅದರ ತಂಟೆಗೆ ಹೋಗಬೇಡಿ.

ಮೂರನೆಯದು ಚಿಪ್‌ಗಳ ಸಂಖ್ಯೆಯದು. ಡಿಡಿಆರ್3 ಇರುವ ಜಿ41 ಬೋರ್ಡ್ ಅನ್ನೇ ತಗೊಳ್ಳಿ. ಅದರ ಕಂಟ್ರೋಲರ್ ಒಂದೊಂದು ಚಿಪ್‌ನಲ್ಲಿ 2 ಗಿಗಾಬಿಟ್ ತನಕ ಮಾತ್ರ ಗುರುತಿಸುತ್ತದೆ. 2 ಗಿಗಾಬಿಟ್‌ನ 16 ಚಿಪ್ ಸೇರಿದರೆ 32 ಗಿಗಾಬಿಟ್, ಅಂದರೆ 8 ಗಿಗಾಬಿಟ್‌ಗೆ 1 ಜಿಬಿಯಂತೆ 4 ಜಿಬಿ. ಹೊಸ 4 ಜಿಬಿ ಸ್ಟಿಕ್‌ಗಳಲ್ಲಿ 4 ಗಿಗಾಬಿಟ್‌ನ 8 ಚಿಪ್ ಮಾತ್ರ ಇರುತ್ತವೆ, ಒಂದೇ ಬದಿಯಲ್ಲಿ. ಅದನ್ನು ಈ ಬೋರ್ಡ್‌ಗೆ ಹಾಕಿದರೆ ಒಂದೋ ಅರ್ಧ ತೋರಿಸುತ್ತದೆ, ಇಲ್ಲವೇ ಶುರುವೇ ಆಗುವುದಿಲ್ಲ. ಸ್ಟಿಕ್ ಕೆಟ್ಟಿದೆ ಎಂದು ಜನ ವಾಪಸ್ ಕೊಡುತ್ತಾರೆ. ಕೆಟ್ಟಿರುವುದಿಲ್ಲ, ಹೊಂದುವುದಿಲ್ಲ ಅಷ್ಟೇ. ಹಾಗಾಗಿ ಜಿ41 ಇರುವವರು ಎರಡೂ ಬದಿಯಲ್ಲಿ ಎಂಟೆಂಟು ಚಿಪ್ ಇರುವ, ಲೇಬಲ್ ಮೇಲೆ 2ಆರ್×8 ಎಂದಿರುವ 4 ಜಿಬಿ ಸ್ಟಿಕ್ಕನ್ನೇ ಕೇಳಿ. ಕೈಗೆ ತಗೊಂಡು ತಿರುಗಿಸಿ ಎಣಿಸಿ.

ಹಳೆಯದರ ಜೊತೆ ಹೊಸದನ್ನು ಸೇರಿಸಬಹುದಾ?

ಸೇರಿಸಬಹುದು, ಬಹಳ ಸಲ ತೊಂದರೆ ಇಲ್ಲದೆ ಓಡುತ್ತದೆ. ಕಂಪನಿ ಬೇರೆ ಆದರೂ ಪರವಾಗಿಲ್ಲ. ತರಹ ಒಂದೇ ಇರಬೇಕು. ಸ್ಪೀಡ್ ಬೇರೆ ಬೇರೆ ಇದ್ದರೆ ಎಲ್ಲವೂ ನಿಧಾನದ್ದರ ಸ್ಪೀಡ್‌ಗೆ ಇಳಿಯುತ್ತವೆ.

ಒಂದೇ ಗಾತ್ರದ ಎರಡನ್ನು ಜೋಡಿಯಾಗಿ ಹಾಕಿದರೆ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡರಿಂದಲೂ ಒಟ್ಟಿಗೆ ಓದಬಹುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್‌ಗಳಲ್ಲಿ ಇದರ ವ್ಯತ್ಯಾಸ ಜಾಸ್ತಿ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತದೆ. 4 ಮತ್ತು 2 ಸೇರಿಸಿದರೂ ಎಷ್ಟೋ ಇಂಟೆಲ್ ಬೋರ್ಡ್‌ಗಳು ಎರಡರಿಂದಲೂ 2 ಜಿಬಿಯನ್ನು ಡ್ಯುಯಲ್ ಚಾನೆಲ್‌ನಲ್ಲಿ ಓಡಿಸಿ, ಉಳಿದ 2 ಜಿಬಿಯನ್ನು ಒಂದೇ ಚಾನೆಲ್‌ನಲ್ಲಿ ಬಳಸುತ್ತವೆ.

ಆದರೆ ಜೋಡಿಗಾಗಿ ಇರುವುದನ್ನು ಎಸೆದು ಎರಡು ಹೊಸದು ಕೊಳ್ಳಬೇಡಿ. ಜಾಗ ಸಾಲದೆ ಡಿಸ್ಕ್‌ಗೆ ಓಡುವುದು ತಪ್ಪಿದರೆ ಸಿಗುವ ಲಾಭದ ಮುಂದೆ ಡ್ಯುಯಲ್ ಚಾನೆಲ್‌ನ ಲಾಭ ಚಿಕ್ಕದು.

ಬೋರ್ಡ್ 1333 ಮಾತ್ರ ಒಪ್ಪುತ್ತದೆ. 1600ರ ಸ್ಟಿಕ್ ಹಾಕಬಹುದಾ?

ಹಾಕಬಹುದು. ಅದು 1333ರಲ್ಲಿ ಓಡುತ್ತದೆ. ಎರಡರಲ್ಲಿ ಯಾವುದು ಅಗ್ಗವೋ ಅದನ್ನು ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ನಂಬಬಹುದಾ?

ಧೈರ್ಯವಾಗಿ ನಂಬಬಹುದು. ಹಳೆ ಡೆಸ್ಕ್‌ಟಾಪ್‌ಗೆ ನಾನಾದರೆ ಮೊದಲು ನೋಡುವುದೇ ಸೆಕೆಂಡ್ ಹ್ಯಾಂಡ್. ರ‍್ಯಾಮ್‌ನಲ್ಲಿ ತಿರುಗುವ ಭಾಗ ಇಲ್ಲ. ಎಸ್‌ಎಸ್‌ಡಿಯಂತೆ ಬರೆದಷ್ಟೂ ಸವೆಯುವುದೂ ಇಲ್ಲ. ಇಷ್ಟು ವರ್ಷ ಸರಿಯಾಗಿ ಓಡಿದ ಸ್ಟಿಕ್ ಇನ್ನೂ ವರ್ಷಗಟ್ಟಲೆ ಓಡುವುದು ಮಾಮೂಲು.

ಕೊಳ್ಳುವಾಗ ಮೂರು ವಿಷಯ ನೋಡಿ. ಚಿನ್ನದ ಬಣ್ಣದ ಕಾಲುಗಳ ಮೇಲೆ ಆಳವಾದ ಗೀರು, ಸುಟ್ಟ ಕಪ್ಪು ಕಲೆ ಇರಬಾರದು. ಚಿಪ್‌ಗಳ ಪಕ್ಕದ ಸಣ್ಣ ಸಣ್ಣ ಕಂದು ಬಣ್ಣದ ಭಾಗಗಳಲ್ಲಿ ಯಾವುದೂ ಕಿತ್ತುಹೋಗಿರಬಾರದು. ಕಿತ್ತ ಜಾಗದಲ್ಲಿ ಎರಡು ಬೆಳ್ಳಿ ಚುಕ್ಕೆ ಹಾಗೇ ಕಾಣುತ್ತವೆ, ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಮೂರನೆಯದು, ಹೊಂದದಿದ್ದರೆ ಕೆಲವು ದಿನದೊಳಗೆ ವಾಪಸ್ ತಗೊಳ್ಳುವ ಮಾತು. ಆ ಮಾತು ಕೊಡದವರ ಹತ್ತಿರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮೇಲೆ ಬಣ್ಣದ ಲೋಹದ ಹೊದಿಕೆ, ಲೈಟ್ ಇರುವ ಸ್ಟಿಕ್‌ಗಳಿಗೆ ಜಾಸ್ತಿ ಕೊಡಬೇಡಿ. ಈ ಸ್ಪೀಡ್‌ಗಳಲ್ಲಿ ರ‍್ಯಾಮ್ ಅಷ್ಟೇನೂ ಬಿಸಿಯಾಗುವುದಿಲ್ಲ.

ಲ್ಯಾಪ್‌ಟಾಪ್‌ನಿಂದ ಬಿಚ್ಚಿದ್ದನ್ನು ಹಾಕಬಹುದಾ?

ಆಗುವುದಿಲ್ಲ, ಅದರ ಉದ್ದವೇ ಸುಮಾರು ಅರ್ಧ. ತೀರಾ ಚಿಕ್ಕ ಗಾತ್ರದ ಡೆಸ್ಕ್‌ಟಾಪ್‌ಗಳು ಮಾತ್ರ ಲ್ಯಾಪ್‌ಟಾಪ್ ರ‍್ಯಾಮ್ ಬಳಸುತ್ತವೆ.

ನಾನೇ ಹಾಕಿಕೊಳ್ಳಬಹುದಾ?

ಖಂಡಿತ. ಕೂಲಿ ದುಡ್ಡೂ ಉಳಿಯುತ್ತದೆ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ ಕಿತ್ತಿಡಿ. ಕಿತ್ತ ಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ ಮಲಗಿಸಿ ಪಕ್ಕದ ಮುಚ್ಚಳ ತೆಗೆಯಿರಿ. ರ‍್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ನೈಲಾನ್ ಬಟ್ಟೆ, ಕಾರ್ಪೆಟ್ ಮೇಲೆ ನಿಂತು ಈ ಕೆಲಸ ಮಾಡಬೇಡಿ.

ಹಳೆ ಮಷಿನ್‌ನಲ್ಲಿ ಸ್ಲಾಟ್ ಒಳಗೆ ಧೂಳು ಕೂತಿರುತ್ತದೆ. ಒಣ ಮೆತ್ತನೆ ಬ್ರಷ್‌ನಿಂದ ಮೊದಲು ತೆಗೆಯಿರಿ. ಬಾಯಿಂದ ಊದಿದರೆ ಎಂಜಲು ಹೋಗುತ್ತದೆ. ಸ್ಲಾಟ್‌ನ ಕೊನೆಯಲ್ಲಿರುವ ಬಿಳಿ ಕ್ಲಿಪ್‌ಗಳನ್ನು ಹೊರಗೆ ಬಗ್ಗಿಸಿ. ಸ್ಟಿಕ್‌ನ ಅಂಚು ಹಿಡಿದುಕೊಳ್ಳಿ, ಚಿನ್ನದ ಕಾಲು ಮುಟ್ಟಬೇಡಿ. ಕೆಳಗಿನ ಕಚ್ಚು ಸ್ಲಾಟ್ ಒಳಗಿನ ಉಬ್ಬಿಗೆ ಸರಿಯಾಗಿ ಬಂದಿದೆಯಾ ಎಂದು ನೋಡಿ, ನೇರವಾಗಿ ಇಳಿಸಿ, ಎರಡು ಹೆಬ್ಬೆರಳಿನಿಂದ ಎರಡೂ ತುದಿಗೆ ಸಮನಾಗಿ ಒತ್ತಿ. ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಬೇಕಾಗುತ್ತದೆ. ಟಕ್ ಎಂದು ಕ್ಲಿಪ್ ತಾನಾಗಿಯೇ ಮೇಲೇರಿ ಕಚ್ಚಿಕೊಳ್ಳಬೇಕು. ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಕಚ್ಚದಿದ್ದರೆ ಕೂತಿಲ್ಲ ಎಂದೇ ಅರ್ಥ. ಕಚ್ಚೇ ಹೊಂದುತ್ತಿಲ್ಲ ಅಂದರೆ ನಿಲ್ಲಿಸಿ, ತಂದಿರುವ ತರಹವೇ ಬೇರೆ.

ನಾಲ್ಕು ಸ್ಲಾಟ್ ಇರುವ ಕಡೆ ಜೋಡಿಯನ್ನು ಸಾಮಾನ್ಯವಾಗಿ ಒಂದೇ ಬಣ್ಣದ ಸ್ಲಾಟ್‌ಗಳಲ್ಲಿ ಹಾಕಬೇಕು. ಎಲ್ಲಾ ಬೋರ್ಡ್‌ಗಳೂ ಹಾಗಿಲ್ಲ, ಮ್ಯಾನುಯಲ್ ನೋಡಿದರೆ ಗೊಂದಲ ಇರುವುದಿಲ್ಲ.

ಹಾಕಿದ ಮೇಲೆ ಡಿಸ್‌ಪ್ಲೇ ಬರುತ್ತಿಲ್ಲ, ಬೀಪ್ ಬೀಪ್ ಅನ್ನುತ್ತಿದೆ. ಕೆಟ್ಟುಹೋಯಿತಾ?

ಗಾಬರಿ ಬೇಡ. ಹೆಚ್ಚಿನ ಸಲ ಸ್ಟಿಕ್ ಪೂರ್ತಿ ಕೂತಿರುವುದಿಲ್ಲ. ಕೇಬಲ್ ಕಿತ್ತು, ಬಿಚ್ಚಿ, ಮತ್ತೆ ಒತ್ತಿ ಕೂರಿಸಿ. ಹಳೆ ಸ್ಟಿಕ್‌ನ ಕಾಲು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ರಿಪೇರಿಯವರು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುತ್ತಾರೆ, ಅದೂ ಕೆಲಸ ಮಾಡುತ್ತದೆ. ಆದರೆ ಮೆತ್ತನೆ ಬಿಳಿ ರಬ್ಬರ್ ಇರಲಿ, ಹಗುರಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ.

ಆಗಲೂ ಬರದಿದ್ದರೆ ಹೊಸದನ್ನು ತೆಗೆದು ಹಳೆಯದನ್ನು ಮಾತ್ರ ಹಾಕಿ ನೋಡಿ. ಬಂತಾ? ಈಗ ಹೊಸದನ್ನು ಒಂದೇ, ಅದೇ ಸ್ಲಾಟ್‌ನಲ್ಲಿ. ಹೀಗೆ ಒಂದೊಂದೇ ಬದಲಿಸುತ್ತಾ ಹೋದರೆ ಸ್ಟಿಕ್ಕಾ, ಸ್ಲಾಟಾ, ಎರಡೂ ಒಟ್ಟಿಗೆ ಹೊಂದುತ್ತಿಲ್ಲವಾ ಎಂಬುದು ಗೊತ್ತಾಗುತ್ತದೆ. ಬೋರ್ಡ್ ಮೇಲಿನ ಗುಂಡಗಿನ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಹಾಕಿದರೆ ಬಯೋಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಹೊಸ ರ‍್ಯಾಮ್ ಒಪ್ಪದ ಕೆಲವು ಬೋರ್ಡ್‌ಗಳು ಇಷ್ಟಕ್ಕೇ ಒಪ್ಪುತ್ತವೆ.

8 ಜಿಬಿ ಹಾಕಿದೆ, ಅಷ್ಟು ತೋರಿಸುತ್ತಿಲ್ಲ. ಯಾಕೆ?

3 ಅಥವಾ 3.5 ಜಿಬಿಯ ಹತ್ತಿರ ನಿಂತಿದ್ದರೆ ನಿಮ್ಮದು 32 ಬಿಟ್ ವಿಂಡೋಸ್. ಅದು ಎಣಿಸಬಲ್ಲದ್ದೇ 4 ಜಿಬಿ ತನಕ, ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮೊದಲಾದವಕ್ಕೆ ಹೋಗುತ್ತದೆ. 64 ಬಿಟ್ ಹಾಕದೆ ಬೇರೆ ದಾರಿ ಇಲ್ಲ. ಅಪ್‌ಗ್ರೇಡ್ ಎಂದು ಒತ್ತಿದರೆ ಅದು ಬದಲಾಗುವುದಿಲ್ಲ, ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಇದನ್ನು ರ‍್ಯಾಮ್ ಕೊಳ್ಳುವ ಮೊದಲೇ ನೋಡಿಕೊಳ್ಳಿ: ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಬರೆದಿರುತ್ತದೆ.

7.7 ಅಥವಾ 7.9 ತೋರಿಸಿದರೆ ಅದು ಸಹಜ. ಬೋರ್ಡ್‌ನಲ್ಲೇ ಇರುವ ಗ್ರಾಫಿಕ್ಸ್ ಒಂದಿಷ್ಟು ತೆಗೆದಿಟ್ಟುಕೊಂಡಿರುತ್ತದೆ. ಸರಿಯಾಗಿ ಅರ್ಧವೇ ಕಾಣೆಯಾಗಿದ್ದರೆ ಒಂದು ಸ್ಟಿಕ್ ಕೂತಿಲ್ಲ, ಇಲ್ಲವೇ ಮೇಲೆ ಹೇಳಿದ ಚಿಪ್ ಸಂಖ್ಯೆಯ ತೊಂದರೆ.

ಹೊಸ ಸ್ಟಿಕ್ ಚೆನ್ನಾಗಿದೆ ಎಂದು ಪರೀಕ್ಷಿಸುವುದು ಹೇಗೆ?

ಮೆಮ್‌ಟೆಸ್ಟ್86+ ಉಚಿತ. ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ, ರಾತ್ರಿ ಮಲಗುವಾಗ ಬಿಟ್ಟುಬಿಡಿ. ಬೆಳಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಬರೀ ಹ್ಯಾಂಗ್ ಮಾಡುವುದಿಲ್ಲ, ಉಳಿಸುವ ಫೈಲ್‌ಗಳನ್ನೂ ಸದ್ದಿಲ್ಲದೆ ಹಾಳು ಮಾಡಬಹುದು. ಮನೆಯವರ ಫೋಟೋಗಳೆಲ್ಲಾ ಇರುವ ಕಂಪ್ಯೂಟರ್ ಆದರೆ ಈ ಪರೀಕ್ಷೆ ಬಿಡಲೇಬೇಡಿ. ಪೆನ್ ಡ್ರೈವ್ ಇಲ್ಲದಿದ್ದರೆ ವಿಂಡೋಸ್ ಒಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ, ಏನೂ ಮಾಡದಿರುವುದಕ್ಕಿಂತ ಅದು ಮೇಲು.

ರ‍್ಯಾಮ್ ಕ್ಲೀನರ್, ಬೂಸ್ಟರ್ ಅಂತ ಸಾಫ್ಟ್‌ವೇರ್ ಇದೆಯಲ್ಲ?

ಬೇಡ. ಅವು ರ‍್ಯಾಮ್‌ನಲ್ಲಿದ್ದುದನ್ನು ಬಲವಂತವಾಗಿ ಹೊರದಬ್ಬುತ್ತವೆ, ಮರುಕ್ಷಣ ವಿಂಡೋಸ್ ಅದನ್ನೇ ಮತ್ತೆ ತರಬೇಕು. ಅಂಕಿ ಕಡಿಮೆ ಕಾಣುತ್ತದೆ, ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ.

ಇರುವ ಸ್ಲಾಟ್ ಎಲ್ಲಾ ತುಂಬಿದೆ, ಬೋರ್ಡ್‌ನ ಮಿತಿಯೂ ಮುಗಿದಿದೆ. ಈಗ?

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಟ್ಯಾಬ್‌ನಲ್ಲಿ ತಾನಾಗಿ ಶುರುವಾಗುವ ಪ್ರೋಗ್ರಾಂಗಳಲ್ಲಿ ಬೇಡದ್ದನ್ನು ನಿಲ್ಲಿಸಿ. ಬ್ರೌಸರ್‌ನಲ್ಲಿ ಮೆಮೊರಿ ಸೇವರ್ ಚಾಲೂ ಮಾಡಿ, ಬಳಸದ ಎಕ್ಸ್‌ಟೆನ್ಷನ್ ತೆಗೆದುಹಾಕಿ. ಇದಾದ ಮೇಲೂ ಸಾಲದಿದ್ದರೆ ಎಸ್‌ಎಸ್‌ಡಿ ಹಾಕಿ. ಪೇಜ್ ಫೈಲ್‌ಗೆ ಹೋಗುವುದು ತಪ್ಪದಿದ್ದರೂ ಆ ಓಡಾಟ ಎಷ್ಟೋ ಬೇಗ ಮುಗಿಯುತ್ತದೆ.

ಲುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂಥ ಹಗುರ ಲಿನಕ್ಸ್ ಹಾಕಿದರೆ 4 ಜಿಬಿಯಲ್ಲೂ ಕೆಲಸ ನಡೆಯುತ್ತದೆ. ಝಡ್‌ರ‍್ಯಾಮ್ ಎಂಬ ಸೌಲಭ್ಯ ಲಿನಕ್ಸ್‌ನಲ್ಲಿದೆ. ಅದು ರ‍್ಯಾಮ್‌ನಲ್ಲಿರುವುದನ್ನೇ ಒತ್ತಿ ಚಿಕ್ಕದು ಮಾಡಿ ಅಲ್ಲೇ ಇಡುತ್ತದೆ, ಡಿಸ್ಕ್‌ಗೆ ಹೋಗುವುದು ಕಡಿಮೆಯಾಗುತ್ತದೆ.

ಯಾವಾಗ ದುಡ್ಡು ಹಾಕುವುದೇ ಬೇಡ?

ಡಿಡಿಆರ್2 ಕಾಲದ ಮಷಿನ್‌ಗೆ ಹೊಸ ಸ್ಟಿಕ್ ಹುಡುಕಿ ದುಬಾರಿ ಬೆಲೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಂಥದಕ್ಕೆ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸರಿ. ಇಲ್ಲದಿದ್ದರೆ ಆ ದುಡ್ಡನ್ನು ಡಿಡಿಆರ್3 ಅಥವಾ ಡಿಡಿಆರ್4 ಇರುವ ಇನ್ನೊಂದು ಹಳೆ ಡೆಸ್ಕ್‌ಟಾಪ್‌ಗೆ ಸೇರಿಸಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಕೇಳುತ್ತದೆ. ರ‍್ಯಾಮ್ ಎಷ್ಟು ಹಾಕಿದರೂ ಇದು ಬದಲಾಗುವುದಿಲ್ಲ. ಹಾಗಾಗಿ ಹಳೆ ಮಷಿನ್‌ನಲ್ಲಿ ಮುಂದೆ ಯಾವ ಸಿಸ್ಟಮ್ ಓಡಿಸುತ್ತೀರಿ ಎಂದು ಮೊದಲು ತೀರ್ಮಾನಿಸಿ, ಆಮೇಲೆ ರ‍್ಯಾಮ್ ಕೊಳ್ಳಿ. ಲಿನಕ್ಸ್‌ಗೆ ಹೋಗಲು ಸಿದ್ಧ ಎಂದಾದರೆ 8 ಜಿಬಿ ಹಾಕಿದ ಡಿಡಿಆರ್3 ಡೆಸ್ಕ್‌ಟಾಪ್ ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಯುತ್ತದೆ.

ಬಿಚ್ಚಿದ ಹಳೆ ಸ್ಟಿಕ್ ಏನು ಮಾಡಲಿ?

ಒಂದು ತಿಂಗಳು ಇಟ್ಟುಕೊಳ್ಳಿ. ಹೊಸದು ಕೈಕೊಟ್ಟರೆ ಪರೀಕ್ಷೆಗೆ ಬೇಕಾಗುತ್ತದೆ. ಹೊಸದು ಬಂದ ಆಂಟಿ ಸ್ಟ್ಯಾಟಿಕ್ ಕವರ್‌ನಲ್ಲೇ ಹಳೆಯದನ್ನು ಹಾಕಿಡಿ. ಆಮೇಲೆ ಅದೇ ತರಹದ ಮಷಿನ್ ಇರುವವರಿಗೆ ಕೊಡಿ. ಕೆಟ್ಟದ್ದಾದರೆ ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೆ ಒಪ್ಪಿಸಿ.